ಮೇಷ್ಟ್ರ ಊರಿನಲ್ಲಿ ನನ್ನ ಚಿಕ್ಕವ್ವ

ಬಾಡಿಗೆ ಮನೆಯಲ್ಲಿ ಇದ್ದವರಿಗೆ ಗೊತ್ತಿರುತ್ತದೆ, ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಮುಖ ನೋಡಬೇಕು. ಇನ್ನೊಬ್ಬರು ಕಟ್ಟಿದ ಕಥೆಯ ಊರಿನಲ್ಲಿ ಕೂತು ಕಥೆ ಬರೆಯುವುದೂ ಹಾಗೆಯೇ. ಬಾಡಿಗೆ ಮನೆ ಬಿಡುವಾಗ ಕೊನೆಗೆ ನಮ್ಮ ಪಾತ್ರೆ ಪಡಗವಾದರೂ ನಮ್ಮ ಜೊತೆ ಬರುತ್ತದೆ. ನಾನು ಆ ಊರಿಗೆ ನನ್ನ ಚಿಕ್ಕವ್ವನನ್ನು ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಅವಳು ಬರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅರಕಲಗೂಡಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ವಾರಪತ್ರಿಕೆಯಲ್ಲಿ ಎರಡು ಮೂರು ಕಥೆ ಬಂದಿದ್ದವು, ಅಷ್ಟಕ್ಕೇ ಸ್ಟಾಫ್ ರೂಮಿನಲ್ಲಿ ನನ್ನನ್ನು 'ಸಾಹಿತಿಗಳು ಬಂದರು, ಕುರ್ಚಿ ಬಿಡ್ರಪ್ಪ' ಅಂತ ಚುಡಾಯಿಸುತ್ತಿದ್ದರು. ಹಾಸನದಲ್ಲಿ ಲಗ್ನಪತ್ರಿಕೆ, ಕ್ಯಾಲೆಂಡರು ಅಚ್ಚು ಹಾಕುವ ಒಬ್ಬ ಪ್ರೆಸ್ ಮಾಲೀಕರಿದ್ದರು. ಕಾಯಿ ವ್ಯಾಪಾರದ ಮನೆತನದವರು, ಆಗಷ್ಟೇ ಸೀಸದ ಅಚ್ಚುಮೊಳೆ ಜೋಡಿಸುವುದನ್ನು ಬಿಟ್ಟು ಕಂಪ್ಯೂಟರ್ ತಂದಿದ್ದರು. ಅದಕ್ಕೆ ಏನಾದರೂ ಹೊಸ ಕೆಲಸ ಕೊಡಬೇಕೆಂದು ಅವರ ಕೈ ಕಡಿಯುತ್ತಿತ್ತು. ಯಾರದೋ ಮನೆಯಲ್ಲಿ ಒಂದು ಇಂಗ್ಲಿಷ್ ಮಕ್ಕಳ ಪುಸ್ತಕ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಕಥೆ ಹೇಗೆ ಹೋಗಬೇಕೆಂದು ಓದುವವರೇ ಆರಿಸಬೇಕು. ಬಾಗಿಲು ತೆಗೆಯುವವರು ಇಂಥ ಪುಟಕ್ಕೆ ಹೋಗಿ, ತೆಗೆಯದವರು ಇಂಥ ಪುಟಕ್ಕೆ ಹೋಗಿ ಎಂದು ಕೊನೆಗೆ ಬರೆದಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕಥೆ. ಕನ್ನಡದಲ್ಲಿ ಇಂಥದ್ದೊಂದು ಮಾಡಲೇಬೇಕು ಅಂತ ಅವರು ಹಟ ಹಿಡಿದರು.

ಕಥೆಗೆ ಊರು ಸಿದ್ಧವಾಗಿಯೇ ಇತ್ತು. ಹೊಳೆನರಸೀಪುರದಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು ಇದ್ದರು. ಕೋಟೆ ಕಡೆಯ ಹಳೆಯ ಮನೆ, ತಲೆತಲಾಂತರದಿಂದ ದೇವಸ್ಥಾನದ ಪೂಜೆಯ ಮನೆತನ. ಅವರು ಒಂದು ಊರನ್ನು ಕಲ್ಪಿಸಿ ಅದರ ಮೇಲೆ ಮೂರು ಮಕ್ಕಳ ಪುಸ್ತಕ ಬರೆದಿದ್ದರು. ಜಿಲ್ಲೆಯ ಬಹುಪಾಲು ಶಾಲೆಗಳ ಬೀರುವಿನಲ್ಲಿ ಅವು ಇದ್ದವು. ಆದರೆ ಕವಲೊಡೆಯುವ ಕಥೆಯನ್ನು ಒಬ್ಬರೇ ಬರೆಯುವುದು ಅವರ ವಯಸ್ಸಿಗೆ ಆಗದ ಕೆಲಸ. ಜೊತೆಗೊಬ್ಬರು ಬೇಕಿತ್ತು. ನನ್ನನ್ನೇ ಯಾಕೆ ಆರಿಸಿದಿರಿ ಅಂತ ಎಷ್ಟೋ ದಿನದ ಮೇಲೆ ಪ್ರೆಸ್ಸಿನವರನ್ನು ಕೇಳಿದೆ. 'ಮೇಡಂ, ಅರಕಲಗೂಡಿಂದ ಹೊಳೆನರಸೀಪುರಕ್ಕೆ ಡೈರೆಕ್ಟ್ ಬಸ್ ಐತಲ್ಲ' ಅಂದರು. ನನ್ನ ಕಥೆಗಳನ್ನು ಅವರು ಓದಿಯೇ ಇರಲಿಲ್ಲ.

ಮೇಷ್ಟ್ರು ತಮ್ಮ ಕಲ್ಪನೆಯ ಊರಿಗೆ ಹೆಸರಿಟ್ಟಿರಲಿಲ್ಲ. 'ನಮ್ಮೂರು' ಅನ್ನುತ್ತಿದ್ದರು, ಅಷ್ಟೇ. ಮೂರು ಕಡೆ ಹೊಳೆ, ಒಂದು ಕಡೆ ಗುಡ್ಡ, ನಡುವೆ ಅರಳೀಕಟ್ಟೆ. ಹೊಳೆಯಲ್ಲಿ ಒಂದು ಹರಿಗೋಲು. ಯಾವ ಬೀದಿಯ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಹಸು ಯಾವಾಗ ಕರು ಹಾಕಿತು, ಎಲ್ಲ ಅವರಿಗೆ ಬಾಯಿಪಾಠ. ಅವರ ಹೆಂಡತಿ ಕಾಫಿ ಲೋಟ ಇಡುತ್ತಾ, 'ಇವರ ಊರಿನ ಬಾವಿಗೆ ಹೊಸ ರಾಟೆ ಬಂದಿದೆಯಂತಮ್ಮ. ನಮ್ಮನೆ ಬಚ್ಚಲ ನಲ್ಲಿ ಸೋರೋಕೆ ಶುರುವಾಗಿ ವರ್ಷವಾಯ್ತು' ಅಂದಿದ್ದರು. ಮೇಷ್ಟ್ರಿಗೆ ಅದು ಕೇಳಿಸಲೇ ಇಲ್ಲ.

ಆ ಊರಿಗೆ ಕಾನೂನುಗಳಿದ್ದವು. ಅಲ್ಲಿ ಯಾರೂ ಸಾಯುವುದಿಲ್ಲ. ಯಾರೂ ಯಾರನ್ನೂ ಬೈಯುವುದಿಲ್ಲ. ಎಲ್ಲರೂ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾರೆ. ಎಲ್ಲಕ್ಕಿಂತ ಮುಖ್ಯ, ಯಾರೂ ಊರು ಬಿಟ್ಟು ಹೋಗುವುದಿಲ್ಲ. ಹರಿಗೋಲು ಇದ್ದದ್ದು ಹೊಳೆಯ ನಡುವಿನ ಗುಡಿಗೆ ಹೋಗಿ ಬರಲಿಕ್ಕೆ ಮಾತ್ರ. ಆಚೆ ದಡ ಅನ್ನುವುದು ಮೇಷ್ಟ್ರ ನಕ್ಷೆಯಲ್ಲೇ ಇರಲಿಲ್ಲ, ಅವರ ನೀಲಿ ಪೆನ್ಸಿಲ್ಲು ಕಾಗದದ ಅಂಚಿನಲ್ಲಿ ನಿಂತುಬಿಟ್ಟಿತ್ತು. ಮೊದಲ ಭಾನುವಾರ ಇದನ್ನೆಲ್ಲ ಕೇಳಿ ನಾನು ತಲೆಯಾಡಿಸಿದೆ. ಮಕ್ಕಳ ಪುಸ್ತಕ ತಾನೇ, ಇರಲಿ ಅಂದುಕೊಂಡೆ.

ಭಾನುವಾರದ ಕೆಲಸ ನಡೆಯುತ್ತಿದ್ದುದು ಅವರ ನಡುಮನೆಯ ನೆಲದ ಮೇಲೆ. ಪ್ರೆಸ್ಸಿನವರು ಅಚ್ಚು ಕೆಟ್ಟ ಲಗ್ನಪತ್ರಿಕೆಗಳನ್ನು ಕಟ್ಟುಗಟ್ಟಲೆ ಕಳಿಸಿದ್ದರು. ಒಂದು ಬದಿಗೆ ಚಿನ್ನದ ಬಣ್ಣದ ಗಣಪತಿ, ಇನ್ನೊಂದು ಬದಿ ಖಾಲಿ. ಆ ಖಾಲಿ ಬದಿಗೆ ಕಥೆಯ ಒಂದೊಂದು ತುಂಡು ಬರೆದು, ಮೂಲೆಯಲ್ಲಿ ನಂಬರ್ ಹಾಕಿ, ಕೆಳಗೆ ಮುಂದೆ ಯಾವ ನಂಬರಿಗೆ ಹೋಗಬೇಕೆಂದು ಬರೆಯುವುದು. ನೆಲದ ತುಂಬ ಕಾರ್ಡು ಹರಡಿ, ನಡುವೆ ಕಾಲಿಡಲು ಜಾಗ ಹುಡುಕುತ್ತಾ, ಇಲ್ಲಿಂದ ಅಲ್ಲಿಗೆ ಅಲ್ಲಿಂದ ಇಲ್ಲಿಗೆ ಅಂತ ಬೆರಳು ತೋರಿಸಿಕೊಂಡು ಓಡಾಡುತ್ತಿದ್ದೆವು. ಕಾರ್ಡು ಹಾರುತ್ತವೆಂದು ಫ್ಯಾನ್ ಹಾಕುವಂತಿರಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಿಟಕಿಯೂ ಮುಚ್ಚಿ, ಬೆವರು ಕಾರ್ಡಿನ ಮೇಲೆ ತೊಟ್ಟಿಕ್ಕದ ಹಾಗೆ ಸೆರಗಿನಿಂದ ಒರೆಸಿಕೊಳ್ಳುತ್ತಾ ಕೂತಿರುತ್ತಿದ್ದೆ. ಉಸಿರು ಕಟ್ಟುತ್ತಿತ್ತು.

ಈ ಬಗೆಯ ಕಥೆಯ ಗುಟ್ಟು ನನಗೆ ತಿಳಿದದ್ದು ಆ ನೆಲದ ಮೇಲೆ. ಓದುವವರು ತಾವು ಆರಿಸುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಪ್ರತಿ ಆಯ್ಕೆಯೂ ಬೇರೆ ಬೇರೆ ಕಡೆ ಹೋಗುತ್ತಲೇ ಇದ್ದರೆ ಪುಸ್ತಕ ಮುಗಿಯುವುದೇ ಇಲ್ಲ. ಅದಕ್ಕಾಗಿ ನಾಲ್ಕು ಹೆಜ್ಜೆ ಆಚೆ ಬಿಟ್ಟು, ಅವರಿಗೆ ಗೊತ್ತಾಗದ ಹಾಗೆ ಮತ್ತೆ ಒಂದೇ ದಾರಿಗೆ ತಂದು ಸೇರಿಸಬೇಕು. ಮೇಷ್ಟ್ರ ಊರಿನಲ್ಲಿ ಎಲ್ಲ ದಾರಿಯೂ ಅರಳೀಕಟ್ಟೆಗೆ ಬಂದು ಸೇರುತ್ತಿತ್ತು. ನಾನು ಏನು ಬರೆದರೂ, ಗುಡ್ಡ ಹತ್ತಿಸಿದರೂ, ಹೊಳೆಗೆ ಇಳಿಸಿದರೂ, ಅವರು ಕನ್ನಡಕ ಸರಿಮಾಡಿಕೊಂಡು, 'ಚೆನ್ನಾಗಿದೆಯಮ್ಮ. ಈಗ ಕಟ್ಟೆಗೆ ಕರ್ಕೊಂಡು ಬಂದ್ಬಿಡೋಣ' ಅನ್ನುವರು. ಕೆಲವೇ ವಾರಗಳಲ್ಲಿ ಆ ಕಟ್ಟೆಯ ಹೆಸರೆತ್ತಿದರೆ ನನಗೆ ಮೈ ಉರಿಯುತ್ತಿತ್ತು.

ಹೊಳೆಯ ಮೆಟ್ಟಿಲ ಬಳಿ ಒಬ್ಬ ಹೆಂಗಸು ಬೇಕು ಅಂತ ಒಂದು ಭಾನುವಾರ ಅವರೇ ಅಂದರು. ಹರಿಗೋಲಿಗೆ ಕಾಯುವವರಿಗೆ ಏನಾದರೂ ಮಾರುವವಳು, ಓದುವವರಿಗೆ ದಾರಿ ಹೇಳುವವಳು. ನಾನು ಒಂದು ಗಳಿಗೆಯೂ ಯೋಚಿಸದೆ ನನ್ನ ಚಿಕ್ಕವ್ವನನ್ನು ತಂದು ನಿಲ್ಲಿಸಿದೆ.

ಚಿಕ್ಕವ್ವ ನಮ್ಮವ್ವನ ತಂಗಿ. ಕಟ್ಟಾಯದಲ್ಲಿ ಬಸ್ಸು ನಿಲ್ಲುವ ಕಡೆ ಗೂಡಂಗಡಿ ಇಟ್ಟುಕೊಂಡಿದ್ದಳು. ಸಣ್ಣ ವಯಸ್ಸಿಗೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅವ್ವ ಬಹಳ ದಿನ ಕಾಯಿಲೆ ಬಿದ್ದು, ನನ್ನನ್ನು ತಂದು ಅವಳ ಬಳಿ ಬಿಟ್ಟಿದ್ದರು. ಅವಳೇ ನನ್ನನ್ನು ಸಾಕಿದ್ದು, ಶಾಲೆಗೆ ಸೇರಿಸಿದ್ದು. ಬಾಯಿ ಅಂದರೆ ಬಾಯಿ. ಬಸ್ಸು ತಡವಾದರೆ ಡ್ರೈವರನ ಹಿಂದಿನ ತಲೆಮಾರನ್ನೆಲ್ಲ ಎಬ್ಬಿಸಿ ನಿಲ್ಲಿಸುವಳು. ಸ್ಲೇಟು ಒಡೆದುಕೊಂಡು ಬಂದರೆ ಬೆನ್ನಿಗೆ ಎರಡು ಗುದ್ದು, ಆಮೇಲೆ ಅಂಗಡಿ ಮುಚ್ಚಿ ಹೊಸ ಸ್ಲೇಟು ತರಲು ಹಾಸನದ ಬಸ್ಸು ಹತ್ತುವಳು. ಅವಳಿಗಿದ್ದದ್ದು ಒಂದೇ ಆಸೆ. 'ಒಂದ್ಸಲ ಸಮುದ್ರ ನೋಡ್ಬೇಕು ಕಣವ್ವ. ಅದೆಷ್ಟು ನೀರಿದ್ದಾತು ಅಂತ ನೋಡೇಬುಡ್ಬೇಕು' ಅನ್ನುತ್ತಿದ್ದಳು. ನಾನು ಕೆಲಸಕ್ಕೆ ಸೇರಿದ ಮೇಲೆ ಕರೆದುಕೊಂಡು ಹೋಗುತ್ತೇನೆಂದು ಹೇಳಿದ್ದೆ. ನಾನು ಕಾಲೇಜಿನಲ್ಲಿರುವಾಗಲೇ ತೀರಿಕೊಂಡುಬಿಟ್ಟಳು. ಹಾಸನದಿಂದ ಆಚೆಗೆ ಒಂದು ಹೆಜ್ಜೆ ಇಟ್ಟವಳಲ್ಲ.

ಅವಳ ಬಗ್ಗೆ ಒಂದು ಪುಸ್ತಕ ಬರೆಯಬೇಕೆಂದು ವರ್ಷಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದವಳು ನಾನು. ಅಂಥವಳನ್ನು ಯಾರದೋ ಊರಿನ ಮೆಟ್ಟಿಲ ಮೇಲೆ ತಂದು ನಿಲ್ಲಿಸಿದೆನಲ್ಲ, ಯಾಕೆ? ಆ ಊರು ಅಷ್ಟು ಸಪ್ಪೆಯಾಗಿತ್ತು. ಒಬ್ಬರಾದರೂ ಜೀವ ಇರುವವರು ಅಲ್ಲಿರಲಿ ಅನ್ನಿಸಿತು. ಅಷ್ಟೇ.

ಅವಳ ಮೊದಲ ಕಾರ್ಡಿನಲ್ಲಿ, ತಡವಾಗಿ ಬಂದ ಹರಿಗೋಲಿನವನಿಗೆ ಅವಳು ಹೀಗೆ ಅಂದಿದ್ದಳು: 'ಎಲ್ಲಿ ಸತ್ತಿದ್ದೋ ಮುಂಡೇದೆ, ಇಲ್ಲಿ ಜನ ಬೇರು ಬುಟ್ಕಂಡು ನಿಂತವ್ರೆ!' ಮೇಷ್ಟ್ರು ಓದಿದರು. ಜೋರಾಗಿ ನಕ್ಕರು. ಹೆಂಡತಿಯನ್ನು ಕರೆದು ಓದಿ ಹೇಳಿ ಮತ್ತೆ ನಕ್ಕರು. ಆಮೇಲೆ ಪೆನ್ನು ತೆಗೆದು, ಅದನ್ನು ಹೊಡೆದು ಹಾಕಿ, ಮೇಲೆ ಮುದ್ದಾದ ಅಕ್ಷರದಲ್ಲಿ ಬರೆದರು: 'ಇಷ್ಟು ತಡವೇಕೆ, ಅಣ್ಣಾ?'

'ಮೇಷ್ಟ್ರೇ, ಇವಳು ಹಾಗೆ ಮಾತಾಡೋದಿಲ್ಲ' ಅಂದೆ.

'ನಮ್ಮೂರಲ್ಲಿ ಹಾಗೇ ಮಾತಾಡೋದಮ್ಮ.'

'ಇವಳು ನಿಮ್ಮೂರಿನವಳಲ್ಲ. ಕಟ್ಟಾಯದವಳು.'

'ಈಗ ಬಂದಿದ್ದಾರಲ್ಲ' ಅಂದರು, ಬಹಳ ಪ್ರೀತಿಯಿಂದ.

ಆ ಪ್ರೀತಿಯೇ ಕಷ್ಟ. ಅವರು ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಬರಬಹುದಿತ್ತು. ಬಾಗಿಲಿಗೆ ಬಂದ ಕೂಡಲೇ, 'ನಿಮ್ಮ ಚಿಕ್ಕಮ್ಮ ಈ ವಾರ ಏನು ಮಾಡಿದ್ರು?' ಅಂತ ಕೇಳುವರು, ಬದುಕಿರುವವರನ್ನು ವಿಚಾರಿಸಿದ ಹಾಗೆ. ನನ್ನ ಅವ್ವನೂ ಅಷ್ಟು ಅಕ್ಕರೆಯಿಂದ ತಂಗಿಯ ಮಾತೆತ್ತುತ್ತಿರಲಿಲ್ಲ. ವಾರದ ನಡುವೆ ನಾನು ಬರೆದ ಕಾರ್ಡುಗಳನ್ನು ಕವರಿಗೆ ಹಾಕಿ ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೆ, ಅವರದು ಅದೇ ಬಸ್ಸಿನಲ್ಲಿ ನನಗೆ ಬರುತ್ತಿತ್ತು. ಪ್ರತಿ ಸಲವೂ ಚಿಕ್ಕವ್ವ ಸ್ವಲ್ಪ ಸ್ವಲ್ಪ ಮೆತ್ತಗಾಗಿ ಬರುತ್ತಿದ್ದಳು. ಒಂದು ಸಲ ಅವಳ ಗುದ್ದು ಹೋಗಿ ತಲೆ ನೇವರಿಸುವುದು ಬಂದಿತ್ತು. ಇನ್ನೊಂದು ಸಲ ಅವಳು ಹಾಡು ಗುನುಗುತ್ತಿದ್ದಳು. ಚಿಕ್ಕವ್ವ ಜನ್ಮದಲ್ಲಿ ಹಾಡಿದವಳಲ್ಲ.

ಬಿಟ್ಟು ಬಂದುಬಿಡು ಅಂತ ನನ್ನ ಯಜಮಾನರು ಎಷ್ಟೋ ಸಲ ಹೇಳಿದರು. ಅದು ಆಗುತ್ತಿರಲಿಲ್ಲ. ನಾನು ಎದ್ದು ಬಂದರೆ ಅವಳ ಕಾರ್ಡುಗಳು ಅಲ್ಲೇ ಉಳಿಯುತ್ತವೆ. ಆ ಊರಿಗೆ ಬಂದದ್ದೆಲ್ಲ ಆ ಊರಿನದು. ಅವಳನ್ನು ತೆಗೆದುಬಿಡಿ ಅಂದರೆ, ಅವಳ ಮೇಲೆ ಅಷ್ಟು ಹೊತ್ತಿಗಾಗಲೇ ಅರ್ಧ ಪುಸ್ತಕ ನಿಂತಿತ್ತು. ದಾರಿ ಕೇಳುವವರೆಲ್ಲ ಅವಳನ್ನೇ ಕೇಳಬೇಕು. ಹಾಗಾಗಿ ನಾನು ಅಲ್ಲೇ ಉಳಿದೆ, ಅವಳನ್ನು ಕಾಯಲಿಕ್ಕೆ. ನನಗೆ ಬೇಕಿದ್ದುದು ಒಂದೇ. ಕೊನೆಗಾದರೂ ಒಂದು ದಾರಿ, ಒಂದೇ ಒಂದು ದಾರಿ, ಚಿಕ್ಕವ್ವನನ್ನು ಹರಿಗೋಲು ಹತ್ತಿಸಿ ಹೊಳೆ ಹರಿಯುವ ಕಡೆಗೆ, ಸಮುದ್ರದವರೆಗೆ ಕರೆದುಕೊಂಡು ಹೋಗಬೇಕು. ನಾನು ಮಾತು ಕೊಟ್ಟು ನಡೆಸದೆ ಉಳಿದದ್ದನ್ನು ಅಲ್ಲಾದರೂ ನಡೆಸಬೇಕು.

ಕೇಳಿದೆ. ಮೇಷ್ಟ್ರ ಮುಖದಿಂದ ನಗು ಹೋಯಿತು.

'ಅದೊಂದು ಕೇಳಬೇಡಿಮ್ಮ. ಒಬ್ಬರು ಹೊರಗೆ ಹೋದರೆ, ಊರಿಗೆ ಹೊರಗು ಅನ್ನೋದೊಂದು ಬಂದ್ಬಿಡುತ್ತೆ.'

'ಬರಲಿ ಮೇಷ್ಟ್ರೇ. ಎಷ್ಟು ದಾರಿ ಇದೆ ಈ ಪುಸ್ತಕದಲ್ಲಿ, ಒಂದು ಆಚೆ ಹೋದರೆ ಏನಾಯ್ತು?'

'ಒಂದು ಹೋದರೆ, ಮಿಕ್ಕವರೆಲ್ಲ ಯಾಕೆ ಇಲ್ಲಿದ್ದಾರೆ ಅಂತ ನಾನು ಹೇಳಬೇಕಾಗುತ್ತೆ. ನನಗೆ ಗೊತ್ತಿಲ್ಲ' ಅಂದರು.

ನಾನು ಸಿಟ್ಟಿನಿಂದ ಎದ್ದೆ. ಎದ್ದ ರಭಸಕ್ಕೆ ಸೀರೆಯ ನಿರಿಗೆ ತಾಗಿ ಒಂದು ಸಾಲು ಕಾರ್ಡು ಚೆಲ್ಲಾಪಿಲ್ಲಿಯಾಯಿತು. ಇಬ್ಬರೂ ಬಗ್ಗಿ ಅವನ್ನೆಲ್ಲ ಜೋಡಿಸಿದೆವು. ಬಸ್ಸಿನಲ್ಲಿ ಕೂತು ಅರಕಲಗೂಡಿನವರೆಗೂ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಆ ವಾರ ನಾನು ಅವಳ ಕೊನೆಯ ಕಾರ್ಡು ಬರೆದೆ. ಹರಿಗೋಲು ಬಂದು ನಿಂತಿದೆ. ಚಿಕ್ಕವ್ವ ಬುಟ್ಟಿ ಕಂಕುಳಿಗೆ ಇಟ್ಟುಕೊಂಡು ಕೊನೆಯ ಮೆಟ್ಟಿಲಿಗೆ ಇಳಿದಿದ್ದಾಳೆ. ಮುಂದೆ ಬರೆಯಲು ಕೈ ಬರಲಿಲ್ಲ. ಎಷ್ಟೆಂದರೂ ಅವರ ಊರು, ಹಿರಿಯರು, ಆಗದು ಅಂದ ಮೇಲೆ ನಾನು ಹತ್ತಿಸಿದರೆ ಅವರ ತಲೆಯ ಮೇಲೆ ಕಾಲಿಟ್ಟ ಹಾಗೆ. ಹಿಂದಕ್ಕೆ ಕರೆಯಲು ನನಗೆ ಮನಸ್ಸಿಲ್ಲ. ಹಾಗಾಗಿ, ಆಕೆ ಹರಿಗೋಲು ಹತ್ತಿದಳೇ ಎಂದು ತಿಳಿಯಲು ಇಂಥ ಪುಟಕ್ಕೆ ಹೋಗಿ ಅಂತ ಮೇಷ್ಟ್ರು ಬರೆಯಬೇಕಿದ್ದ ಪುಟದ ನಂಬರ್ ಕೊಟ್ಟೆ. ಅವರೇ ತೀರ್ಮಾನಿಸಲಿ, ಪಾಪವೋ ಪುಣ್ಯವೋ ಅವರಿಗೇ ಇರಲಿ ಅಂತ.

ಅದೇ ವಾರ ಹೊಳೆನರಸೀಪುರದಲ್ಲಿ ಮೇಷ್ಟ್ರೂ ನನ್ನ ಮನಸ್ಸಿಗೆ ನೋವಾಯಿತೆಂದು ಊಟ ಬಿಟ್ಟು ಕೂತಿದ್ದರಂತೆ. ಎಷ್ಟೆಂದರೂ ಆಕೆಯ ಚಿಕ್ಕಮ್ಮ, ಆ ಹೆಂಗಸಿನ ಕೊನೆ ಹೇಳಲು ನಾನು ಯಾರು ಅಂದುಕೊಂಡರಂತೆ. ಅವರು ಬರೆದದ್ದು ಇಷ್ಟು: ಮೆಟ್ಟಿಲಿನ ಹೆಂಗಸಿನ ಮನಸ್ಸು ಆಕೆಗೊಬ್ಬಳಿಗೇ ಗೊತ್ತು, ಆಕೆಯನ್ನೇ ಕೇಳಲು ಇಂಥ ಪುಟಕ್ಕೆ ಹೋಗಿ. ಅದು ನನ್ನ ಪುಟ.

ಮುನಿಸು ಇದ್ದುದರಿಂದ ಆ ವಾರದ ಕವರುಗಳು ಒಬ್ಬರಿಂದ ಒಬ್ಬರಿಗೆ ಹೋಗಲಿಲ್ಲ. ನನ್ನದು ಅರಕಲಗೂಡಿನಿಂದ, ಅವರದು ಹೊಳೆನರಸೀಪುರದಿಂದ ನೇರವಾಗಿ ಹಾಸನಕ್ಕೆ ಹೋದವು. ಪ್ರೆಸ್ಸಿನವರು ನಂಬರ್ ನೋಡಿ ಜೋಡಿಸಿದರು. ಅವರಿಗೆ ನಂಬರ್ ಸರಿಯಿದ್ದರೆ ಕಥೆ ಸರಿ. ಪ್ರೂಫು ನಮ್ಮಿಬ್ಬರಿಗೂ ಬಂತು. ನಾನು ನನ್ನ ಪುಟಗಳನ್ನು ಮಾತ್ರ ತಿದ್ದಿ, ಅವರ ಪುಟಗಳನ್ನು ದಾರ ಬಿಚ್ಚದೆ ಹಾಗೇ ಕಳಿಸಿದೆ. ಹೈಸ್ಕೂಲು ಟೀಚರೊಬ್ಬಳು ಹೆಡ್‌ಮಾಸ್ಟರ ಪ್ರೂಫು ನೋಡುವುದೇ? ಅವರೂ ನನ್ನ ಪುಟಗಳನ್ನು ಮುಟ್ಟಲಿಲ್ಲ. ನೋಡಿದರೆ ಅನುಮಾನಿಸಿದ ಹಾಗಾಗುತ್ತದೆ, ಮೊದಲೇ ನೊಂದಿದ್ದಾಳೆ ಅಂತ.

ಪುಸ್ತಕ ಬಂತು. ಚನ್ನರಾಯಪಟ್ಟಣದ ಒಂದು ಓದುಗರ ಬಳಗದವರು ಲೈಬ್ರರಿಯ ಹಾಲಿನಲ್ಲಿ ಸಣ್ಣ ಸಭೆ ಮಾಡಿದರು. ನಾನು, ಮೇಷ್ಟ್ರು, ಪ್ರೆಸ್ಸಿನವರು ಮೇಜಿನ ಹಿಂದೆ ಕೂತಿದ್ದೆವು. ಹಾರ, ಪೇಟ, ಸ್ವಾಗತ ಎಲ್ಲ ಮುಗಿದ ಮೇಲೆ ಯಾರಾದರೂ ಪ್ರಶ್ನೆ ಕೇಳಬಹುದು ಅಂದರು. ಹಿಂದಿನ ಬೆಂಚಿನಿಂದ ಒಬ್ಬರು ದಪ್ಪನೆಯ ಹೆಂಗಸು ಎದ್ದು ನಿಂತರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರ್ ಆದವರು ಅಂತ ಆಮೇಲೆ ತಿಳಿಯಿತು. ಪುಸ್ತಕದ ಒಳಗೆ ಬೆರಳಿಟ್ಟುಕೊಂಡೇ ಮಾತಾಡಿದರು.

'ಅಲ್ಲ ಸಾ, ಈ ಮೆಟ್ಲು ಮೇಲಿನ ಯಮ್ಮ ಹತ್ತಿದ್ಲಾ ಇಲ್ವಾ? ಇವ್ರನ್ನ ಕೇಳುದ್ರೆ ಅಲ್ಲೋಗು ಅಂತಾರೆ, ಅಲ್ಲೋದ್ರೆ ಇಲ್ಲಿಗೋಗು ಅಂತಾರೆ. ನಾನೂ ಸುತ್ತೀ ಸುತ್ತೀ ಸಾಕಾಗೋಯ್ತು. ಬುಟ್ಟಿ ಕಂಕ್ಳಾಗೆ ಇಟ್ಕಂಡು ಅಂಗೇ ನಿಂತವ್ಳಲ್ಲ ಸಾ, ಕಾಲು ನೋಯಾಕಿಲ್ವ ಅವ್ಳಿಗೆ?'

ಸಭೆ ಗೊಳ್ಳೆಂದು ನಕ್ಕಿತು. ಪ್ರೆಸ್ಸಿನವರು ಪುಸ್ತಕ ಕಿತ್ತುಕೊಂಡು ಹಿಂದೆ ಮುಂದೆ ತಿರುವಿದರು, ಮತ್ತೆ ತಿರುವಿದರು. ನಾನು ಮೇಷ್ಟ್ರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

'ನೀವು ಹೇಳಿರ್ತೀರಿ ಅಂತ...' ಅಂದರು ಸಣ್ಣ ದನಿಯಲ್ಲಿ.

'ನೀವು ಹೇಳಿರ್ತೀರಿ ಅಂತ ನಾನು' ಅಂದೆ.

ಜನ ನಗುತ್ತಲೇ ಇದ್ದರು. ನನಗೆ ನಗು ಬರಲಿಲ್ಲ. ಪುಸ್ತಕ ತೆರೆದವರೆಲ್ಲರ ಕೈಯಲ್ಲೂ ಅವಳು ಆ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಾಳೆ, ಹತ್ತುವಂತಿಲ್ಲ, ವಾಪಸು ಬರುವಂತಿಲ್ಲ. ಬದುಕಿದ್ದಾಗ ಕಟ್ಟಾಯದ ಬಸ್ಸು ನಿಲ್ಲುವ ಕಡೆ ಹೀಗೇ ನಿಂತಿದ್ದಳು, ಆದರೆ ಅಲ್ಲಿ ಬೈಯಲಿಕ್ಕಾದರೂ ಬಾಯಿತ್ತು.

ವಾಪಸು ಬರುವಾಗ ಪ್ರೆಸ್ಸಿನವರ ವ್ಯಾನಿನಲ್ಲಿ ಮೂವರೂ ಇದ್ದೆವು. ಮಾಲೀಕರು ಸ್ಟೇರಿಂಗ್ ಹಿಡಿದು ನಕ್ಕೂ ನಕ್ಕೂ ಸುಸ್ತಾಗಿ, ಆಮೇಲೆ ಗಂಭೀರವಾದರು. 'ಮರುಮುದ್ರಣಕ್ಕೆ ಯಾರಾದ್ರೂ ಒಬ್ರು ಆಯಮ್ಮನ್ನ ಅಲ್ಲಿಂದ ಅಲ್ಲಾಡಿಸ್ಬೇಕು. ಯಾರು ಬರೀತೀರೋ ನಿಮಗೆ ಬಿಟ್ಟಿದ್ದು' ಅಂದರು. ನಾನು ಬಾಯಿ ತೆರೆಯಬೇಕಿತ್ತು. ಹತ್ತಿಸಿಬಿಡುತ್ತೇನೆ ಅನ್ನಬೇಕಿತ್ತು. ಮೇಷ್ಟ್ರು ಸೋತು ಸೀಟಿಗೆ ಒರಗಿ ಕೂತಿದ್ದರು, ಪೇಟ ಇನ್ನೂ ತಲೆಯ ಮೇಲೇ ಇತ್ತು.

ನಾನು ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಹಾಸನಕ್ಕೆ ಹೋಗಿ ಬರುವಷ್ಟರಲ್ಲಿ ಮೇಷ್ಟ್ರೇ ಬರೆದು ಮುಗಿಸಿದ್ದರು. ಕಾರ್ಡುಗಳನ್ನು ಮೊದಲು ನನಗೇ ಕಳಿಸಿದ್ದರು, ಒಪ್ಪಿಗೆ ಇದ್ದರೆ ಮಾತ್ರ ಅಚ್ಚಿಗೆ ಅಂತ ಮೇಲೊಂದು ಚೀಟಿ. ಅವರ ಕಾರ್ಡಿನಲ್ಲಿ ಚಿಕ್ಕವ್ವ ಹರಿಗೋಲಿನವನಿಗೆ ಕೈಯಾಡಿಸಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಮನೆಗೆ ಹೋಗುತ್ತಾಳೆ. ದಾರಿಯಲ್ಲಿ ಊರಿನವರೆಲ್ಲ ಅವಳನ್ನು ಮಾತಾಡಿಸುತ್ತಾರೆ. ಮನೆ, ಒಲೆ, ಅವಳ ಊಟ ತಿಂಡಿ, ಜಗಲಿಯ ಮೇಲೆ ಕಥೆ ಕೇಳಲು ಬಂದು ಕೂರುವ ಮಕ್ಕಳು. ಚೆನ್ನಾಗಿತ್ತು. ನಾನು ಬರೆದ ಯಾವ ಪುಟಕ್ಕಿಂತಲೂ ಚೆನ್ನಾಗಿತ್ತು, ಓದಿ ಅತ್ತುಬಿಟ್ಟೆ. ಅದೇ ನನ್ನನ್ನು ಸೋಲಿಸಿದ್ದು. ಕಳಪೆಯಾಗಿದ್ದರೆ ಹರಿದು ಹಾಕುತ್ತಿದ್ದೆ. ಒಪ್ಪಿಗೆ ಇದೆ ಅಂತ ಬರೆದು ಕಂಡಕ್ಟರ್ ಕೈಗೆ ಕೊಟ್ಟೆ.

ಮರುಮುದ್ರಣ ಜಿಲ್ಲೆಯ ಶಾಲೆಗಳಿಗೆಲ್ಲ ಹೋಯಿತು. ಆಮೇಲೊಂದು ಭಾನುವಾರ ಅವರ ಮನೆಗೆ ಹೋಗಿದ್ದಾಗ ಮೇಷ್ಟ್ರು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, 'ನಿಮ್ಮದೇ ಸ್ವಂತ ಪುಸ್ತಕ ಬರೆದಾಗ ಅದರಲ್ಲಿ ಅವರನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿಮ್ಮ. ಸಮುದ್ರಕ್ಕೇ ಕರ್ಕೊಂಡು ಹೋಗಿ. ಎಷ್ಟೆಂದ್ರೂ ಅವರು ನಿಮ್ಮೋರು' ಅಂದರು. ನಾನು ಕಾಲಿಗೆ ನಮಸ್ಕಾರ ಮಾಡಿ ಬಂದೆ. ಬಿಡುಗಡೆ ಸಿಕ್ಕಿತು ಅಂದುಕೊಂಡೆ.

ಎರಡು ಸಾವಿರದ ಇಸವಿ ದಾಟಿತು. ನನಗೆ ಹಾಸನಕ್ಕೆ ವರ್ಗವಾಯಿತು. ಶಾಲೆಯ ಪ್ರವಾಸದ ನೆಪದಲ್ಲಿ ಮಂಗಳೂರಿಗೆ ಹೋಗಿ ಸಮುದ್ರವನ್ನೂ ನೋಡಿಕೊಂಡು ಬಂದೆ, ಅವಳಿಗೆ ತೋರಿಸಬೇಕಲ್ಲ ಅಂತ. ರಜೆ ಬಂದಾಗಲೆಲ್ಲ ಬರೆಯಲು ಕೂತೆ. ಕಟ್ಟಾಯದಲ್ಲಿ ಬಸ್ಸು ಹತ್ತಿಸುತ್ತೇನೆ, ಹಾಸನದಲ್ಲಿ ಇನ್ನೊಂದು ಬಸ್ಸು, ಘಟ್ಟ ಇಳಿಸುತ್ತೇನೆ, ಮರಳಿನ ಮೇಲೆ ತಂದು ನಿಲ್ಲಿಸುತ್ತೇನೆ. ಅಲೆ ಬಂದು ಅವಳ ಕಾಲು ಮುಟ್ಟುತ್ತದೆ. ಚಿಕ್ಕವ್ವ ಬಾಯಿ ತೆರೆಯುತ್ತಾಳೆ. 'ಎಷ್ಟು ಸೊಗಸಾಗಿದೆ ನೋಡು' ಅನ್ನುತ್ತಾಳೆ.

ಹೊಡೆದು ಹಾಕಿ ಮತ್ತೆ ಬರೆಯುತ್ತಿದ್ದೆ. ಮತ್ತೆ ಅದೇ. ಅವಳು ನಿಜಕ್ಕೂ ಏನು ಅನ್ನುತ್ತಿದ್ದಳು? ಏನೋ ಒಂದು ಬೈಗುಳ ಅಂದಿರುತ್ತಿದ್ದಳು, ಆ ಸಮುದ್ರಕ್ಕೇ ಬೈದಿರುತ್ತಿದ್ದಳು. ಅದು ಯಾವುದು ಅಂತ ನನಗೆ ಕೇಳಿಸುತ್ತಿರಲಿಲ್ಲ. ಕಿವಿಯಲ್ಲಿ ಮೇಷ್ಟ್ರು ತಿದ್ದಿದ ಚಿಕ್ಕವ್ವನೇ ಮಾತಾಡುತ್ತಿದ್ದಳು, ಮೃದುವಾಗಿ, ವ್ಯಾಕರಣ ತಪ್ಪದೆ. ನನ್ನ ಮೇಲೇ ನನಗೆ ರೇಗಿ ಹೋಗುತ್ತಿತ್ತು. ಇರಲಿ, ಅವ್ವ ಇದ್ದಾಳಲ್ಲ, ಅವ್ವನ ಹತ್ತಿರ ಕೂತು ಕೇಳಿದರಾಯಿತು ಅಂತ ಸಮಾಧಾನ ಮಾಡಿಕೊಂಡೆ. ಅವಳನ್ನು ನನಗಿಂತ ಹೆಚ್ಚು ಬಲ್ಲವಳು ಅವ್ವ ಒಬ್ಬಳೇ ಉಳಿದಿದ್ದಳು.

ಆ ವರ್ಷ ಪಿತೃಪಕ್ಷದಲ್ಲಿ ಎಡೆ ಇಡಲು ಕಟ್ಟಾಯಕ್ಕೆ ಹೋದೆ. ಅವ್ವ ಆಗ ತವರಿನಲ್ಲೇ, ಸೋದರಮಾವನ ಮನೆಯಲ್ಲಿ ಇದ್ದಳು. ತೀರಿಕೊಂಡವರಿಗೆ ಏನು ಇಷ್ಟವೋ ಅದನ್ನೆಲ್ಲ ಮಾಡಿ ಎಲೆಗೆ ಬಡಿಸಿ, ಹೊಸ ಸೀರೆ ಇಟ್ಟು, ಧೂಪ ಹಾಕಿ, ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರುವುದು ನಮ್ಮಲ್ಲಿ ಪದ್ಧತಿ. ಒಳಗೆ ಅವರು ಬಂದು ಉಂಡು ಹೋಗುತ್ತಾರೆ. ಅಷ್ಟು ಹೊತ್ತು ಬಾಗಿಲು ತೆಗೆಯುವಂತಿಲ್ಲ.

ನಾನು ಹೋದಾಗ ಅವ್ವ ಎಲೆ ಹಾಕುತ್ತಿದ್ದಳು. ಅಜ್ಜ ಅಜ್ಜಿಯ ಎಲೆಗೆ ಕಡುಬು, ಬಾಡಿನ ಸಾರು, ಮುದ್ದೆ. ಪಕ್ಕದಲ್ಲಿ ಚಿಕ್ಕವ್ವನ ಎಲೆ. ಮಾವನ ಸೊಸೆ ಒಂದು ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ತಂದು ಕೊಟ್ಟಳು. ಅವ್ವ ಅದನ್ನು ಒಂದೊಂದೇ ತೆಗೆದು, ಆ ಎಲೆಯ ನಡುವೆ, ಬಹಳ ಜೋಪಾನವಾಗಿ ಜೋಡಿಸಿದಳು.

'ಇದ್ಯಾಕವ್ವ ಇಲ್ಲಿ?' ಅಂದೆ.

'ಅವ್ಳಿಗೆ ಪಿರೂತಿ ಅಲ್ವಾ. ಮೆಟ್ಲು ಇಳ್ಯಾಕೆ ಮುಂಚೆ ಒಂದು, ಹತ್ತಿ ಬಂದ್ಮೇಲೆ ಒಂದು.'

ಅದು ಮೇಷ್ಟ್ರ ಕಾರ್ಡು. ಅಕ್ಷರ ಅಕ್ಷರವೂ ಮೇಷ್ಟ್ರದು. ಚಿಕ್ಕವ್ವ ಸಿಹಿ ಕಂಡರೆ ಮುಖ ಸಿಂಡರಿಸುತ್ತಿದ್ದಳು, ಯುಗಾದಿಯ ಒಬ್ಬಟ್ಟನ್ನೂ ನನ್ನ ತಟ್ಟೆಗೆ ದಾಟಿಸುತ್ತಿದ್ದಳು. ಅವಳಿಗೆ ಬೇಕಿದ್ದುದು ಹೊಗೆಸೊಪ್ಪು. ಊಟ ಬಿಟ್ಟರೂ ಅದನ್ನು ಬಿಟ್ಟವಳಲ್ಲ, ಅವಳ ಸೆರಗಿಗೆ, ಕೈಗೆ, ನನ್ನ ಸ್ಲೇಟಿಗೂ ಅದರ ವಾಸನೆ.

'ಅವ್ವ, ಅವಳು ಸಿಹಿ ಮುಟ್ಟುತ್ತಿರಲಿಲ್ಲ. ನಿನಗೆ ಗೊತ್ತಲ್ಲ' ಅಂದೆ. ದನಿ ಜೋರಾಗಿಯೇ ಇತ್ತು.

ಅವ್ವ ನನ್ನನ್ನೇ ನೋಡಿದಳು. 'ನೀನೇ ಬರ್ದಿದ್ದೀಯಲ್ಲವ್ವ ಪುಸ್ತಕದಾಗೆ. ಮಕ್ಳು ದಿನಾ ಓದಿ ಹೇಳ್ತಾವೆ. ಕೇಳ್ತಿದ್ರೆ ನನ್ ತಂಗಿ ಎದ್ರಿಗೆ ಬಂದು ಕುಂತಂಗೇ ಆಯ್ತದೆ' ಅಂದಳು. ಅವಳ ಕಣ್ಣು ತುಂಬಿತ್ತು.

ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಮೊದಲ ಅಂಗಡಿಯಲ್ಲಿ ಪಾಕೀಟಿನಲ್ಲಿ ಬರುವ ಗುಟ್ಕಾ ಬಿಟ್ಟರೆ ಬೇರೆ ಇರಲಿಲ್ಲ. ಊರ ಕೊನೆಯ ಅಂಗಡಿಯಲ್ಲಿ ಒಬ್ಬ ಮುದುಕ ಡಬ್ಬದ ತಳದಿಂದ ಒಂದು ತುಂಡು ಹೊಗೆಸೊಪ್ಪು ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟ. ಏದುಸಿರು ಬಿಡುತ್ತಾ ಬಂದೆ. ಅಷ್ಟರಲ್ಲಿ ಧೂಪ ಹಾಕಿ ಆಗಿತ್ತು, ಕೋಣೆಯ ಬಾಗಿಲು ಮುಚ್ಚಿತ್ತು. ಮನೆಯವರೆಲ್ಲ ಜಗಲಿಯ ಮೇಲೆ ಸದ್ದಿಲ್ಲದೆ ಕೂತಿದ್ದರು.

ನಾನು ಬಾಗಿಲಿಗೆ ಕೈ ಹಾಕಿದೆ. ಅವ್ವ ಒಳಗೆ ಬಂದು ನನ್ನ ಮಣಿಕಟ್ಟು ಹಿಡಿದಳು.

'ಏನದು ಕೈಯಾಗೆ?'

'ಹೊಗೆಸೊಪ್ಪು.'

'ಯಾರ್ಗೆ?'

'ಚಿಕ್ಕವ್ವಂಗೆ.'

ಅವ್ವ ಆ ತುಂಡನ್ನು ಮೂಸಿ ನೋಡಿದಳು. ಏನೋ ನೆನಪಾಗಬೇಕು ಅನ್ನುವ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು. ಆಮೇಲೆ ತಲೆಯಾಡಿಸಿ ನನಗೇ ವಾಪಸು ಕೊಟ್ಟಳು.

'ಈಗ ಬಾಗ್ಲು ತೆಗೀಬಾರ್ದು ಕಣವ್ವ' ಅಂದಳು ಪಿಸುದನಿಯಲ್ಲಿ. 'ಅವ್ಳು ಉಣ್ತಾವ್ಳೆ.'

ನನ್ನ ಕೈ ಹಿಡಿದು ಕರೆದುಕೊಂಡು ಬಂದು ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಕೂತೆ.